ನೆಲದಡಿಯ ನಿಲ್ದಾಣವೂ ಎಚ್ಚರಿಕೆಯ ಗೆರೆಯೂ

ನೆಲದ ಮೇಲೆ ಏಳುವ ಕಟ್ಟಡಕ್ಕೆ ಊರೆಲ್ಲ ಮೇಲ್ವಿಚಾರಕರು. ಗೋಡೆ ವಾಲಿದರೆ ಹಾದಿಹೋಕನಿಗೂ ಕಾಣುತ್ತದೆ. ಸಾರುವೆ ಸಡಿಲವಾದರೆ ಎದುರಂಗಡಿಯ ಶೆಟ್ಟರು ಕೂಗಿ ಹೇಳುತ್ತಾರೆ. ನೆಲದಡಿಯ ಕೆಲಸಕ್ಕೆ ಈ ಭಾಗ್ಯವಿಲ್ಲ. ತಗಡಿನ ಬೇಲಿಯ ಹಿಂದೆ, ಅರುವತ್ತು ಎಪ್ಪತ್ತು ಅಡಿ ಆಳದಲ್ಲಿ ಏನು ನಡೆಯುತ್ತಿದೆಯೆಂಬುದು ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವನಿಗೂ ತಿಳಿಯದು. ಅಲ್ಲಿಂದ ಮೇಲಕ್ಕೆ ಬರುವ ಸುದ್ದಿಯೆಂದರೆ ಬರಿಯ ಅಂಕಿಗಳು: ಗೋಡೆ ಇಷ್ಟು ಮಿಲಿಮೀಟರು ಬಾಗಿತು, ರಸ್ತೆ ಇಷ್ಟು ಇಳಿಯಿತು, ಅಂತರ್ಜಲ ಇಷ್ಟು ತಗ್ಗಿತು. ಈ ಅಂಕಿಗಳನ್ನು ಓದುವವರು ಯಾರು? ಓದಿ ಏನು ಮಾಡುತ್ತಾರೆ? ಮಾಡತಕ್ಕದ್ದನ್ನು ಮಾಡದಿದ್ದರೆ ಕೇಳುವವರು ಯಾರು? ರೈಲು ಯಾವಾಗ ಬರುತ್ತದೆ, ಟಿಕೆಟ್ಟಿನ ದರವೆಷ್ಟು ಎಂದು ಕೇಳುವಷ್ಟು ಗಟ್ಟಿಯಾಗಿ ನಾವು ಈ ಪ್ರಶ್ನೆಗಳನ್ನು ಕೇಳಿಲ್ಲವೆಂದು ನನಗೆ ತೋರುತ್ತದೆ.

ನೆಲದಡಿಯ ನಿಲ್ದಾಣವೆಂದರೆ ಮೂಲತಃ ಒಂದು ದೊಡ್ಡ ಹೊಂಡ. ಸುರಂಗವನ್ನು ಯಂತ್ರವು ಹೆಗ್ಗಣದಂತೆ ಕೊರೆದುಕೊಂಡು ಹೋಗಬಲ್ಲದು. ನಿಲ್ದಾಣವನ್ನಾದರೋ ಬಹುಮಟ್ಟಿಗೆ ಮೇಲಿನಿಂದಲೇ ಅಗೆಯಬೇಕು. ಮೆತ್ತನೆಯ ನೆಲದಲ್ಲಾದರೆ, ಮೊದಲು ಹೊಂಡದ ಅಂಚಿನುದ್ದಕ್ಕೂ ಕಿರಿದಾದ, ಆಳವಾದ ಕಂದಕವನ್ನು ತೋಡುತ್ತಾರೆ. ಅದರ ಮಗ್ಗುಲು ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಯ ಗಂಜಿಯನ್ನು ತುಂಬಿ, ಕಬ್ಬಿಣದ ಪಂಜರವನ್ನಿಳಿಸಿ, ಕಾಂಕ್ರೀಟು ಸುರಿದು ನೆಲದೊಳಗೇ ಗೋಡೆಯೊಂದನ್ನು ಎಬ್ಬಿಸುತ್ತಾರೆ. ಡಯಾಫ್ರಮ್ ಗೋಡೆ ಎಂದು ಅದರ ಹೆಸರು. ಆಮೇಲೆ ಎರಡು ಗೋಡೆಗಳ ನಡುವಣ ಮಣ್ಣನ್ನು ಹಂತಹಂತವಾಗಿ ತೆಗೆಯುತ್ತ, ಗೋಡೆಗಳು ಒಳಕ್ಕೆ ಬೀಳದಂತೆ ಪ್ರತಿ ಹಂತದಲ್ಲೂ ಉಕ್ಕಿನ ಅಡ್ಡತೊಲೆಗಳನ್ನು ಆನಿಸುತ್ತ ಕೆಳಗಿಳಿಯುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಬಾವಿ ತೋಡಿದವರಿಗೆ ಈ ಭಯ ಹೊಸದಲ್ಲ. ನೀರು ಕಾಣುವ ಹೊತ್ತೂ ದಂಡೆ ಜರಿಯುವ ಹೊತ್ತೂ ಒಂದಕ್ಕೊಂದು ಹತ್ತಿರ. ಕಲ್ಕತ್ತೆಯಲ್ಲಿ 1984ರ ಅಕ್ಟೋಬರಿನಲ್ಲಿ ದೇಶದ ಮೊದಲ ನೆಲದಡಿಯ ರೈಲು ಓಡಿದ್ದು ಹೀಗೆ ಅಗೆದು ಮುಚ್ಚಿದ ಹಾದಿಯಲ್ಲಿಯೇ.

ಕೆಲಸಕ್ಕೆ ಮುಂಚೆ ಇಂಜಿನಿಯರುಗಳು ಅಪಾಯಗಳ ಪಟ್ಟಿಯೊಂದನ್ನು ಮಾಡುವುದು ಈಗಿನ ರೂಢಿ. ಪ್ರತಿಯೊಂದು ಅಪಾಯದ ಸಂಭವಕ್ಕೆ ಒಂದರಿಂದ ಐದರವರೆಗೆ ಅಂಕ, ಪರಿಣಾಮಕ್ಕೆ ಒಂದರಿಂದ ಐದರವರೆಗೆ ಅಂಕ. ಎರಡನ್ನೂ ಗುಣಿಸಿ ಬಂದುದಕ್ಕೆ ಹಸಿರು, ಹಳದಿ, ಕೆಂಪು ಬಣ್ಣ. ಈ ಪಟ್ಟಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಟ್ಟಿಯೇ ಇಲ್ಲದ ಕಾಲಕ್ಕಿಂತ ಪಟ್ಟಿಯಿರುವ ಕಾಲ ಮೇಲು. ಆದರೆ ಅದರಲ್ಲಿ ಒಂದೊಂದು ಅಪಾಯಕ್ಕೆ ಒಂದೊಂದು ಸಾಲು. ನೆಲದೊಳಗೆ ಅಪಾಯಗಳು ಹಾಗೆ ಸಾಲು ಹಿಡಿದು ಬರುವುದಿಲ್ಲ, ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ. ಇದಕ್ಕಿಂತ ದೊಡ್ಡ ಕೊರತೆಯೂ ಉಂಟು. ಅಪಾಯವನ್ನು ಅಳೆಯುವ ಕ್ರಮವನ್ನು ಪಟ್ಟಿ ಹೇಳುತ್ತದೆ. ಅಳತೆ ಗೆರೆ ದಾಟಿದ ದಿನ ಕೆಲಸವನ್ನು ನಿಲ್ಲಿಸುವ ಮನುಷ್ಯ ಯಾರೆಂಬುದನ್ನು ಎಷ್ಟೋ ವೇಳೆ ಹೇಳುವುದಿಲ್ಲ.

ಸಿಂಗಪುರದಲ್ಲಿ 2004ರ ಏಪ್ರಿಲ್ 20ರಂದು ನಡೆದುದನ್ನು ಇಲ್ಲಿ ಕೊಂಚ ವಿವರವಾಗಿ ನೋಡಬೇಕಾಗಿದೆ. ಸರ್ಕಲ್ ಲೈನ್ ಎಂಬ ಹೊಸ ಮಾರ್ಗದಲ್ಲಿ ನಿಕಲ್ ಹೈವೇ ಎಂಬ ನಿಲ್ದಾಣದ ಕಾಮಗಾರಿ ಸಾಗಿತ್ತು. ಸಮುದ್ರವನ್ನು ತುಂಬಿ ಪಡೆದ ನೆಲ. ಅಡಿಯಲ್ಲಿ ಬಹು ಮೆತ್ತನೆಯ ಕಡಲಜೇಡಿ. ನಿಲ್ದಾಣಕ್ಕೆ ಹೊಂದಿಕೊಂಡ ಸುರಂಗಕ್ಕಾಗಿ ಸುಮಾರು 30 ಮೀಟರು ಆಳಕ್ಕೆ ಅಗೆತ ಇಳಿದಿತ್ತು. ಹತ್ತು ಹಂತಗಳ ಅಡ್ಡತೊಲೆಗಳಲ್ಲಿ ಒಂಬತ್ತು ಕೂತಿದ್ದವು, ಹತ್ತನೆಯದಕ್ಕಾಗಿ ಮಣ್ಣು ತೆಗೆಯುತ್ತಿದ್ದರು. ಆ ದಿನ ಬೆಳಗ್ಗೆ ಕೆಳಗಿದ್ದವರಿಗೆ ಉಕ್ಕಿನಿಂದ ದಢಾರೆಂಬ ಸದ್ದುಗಳು ಕೇಳಿಬಂದವು. ಗೋಡೆಯುದ್ದಕ್ಕೂ ಮಲಗಿಸಿದ್ದ, ಅಡ್ಡತೊಲೆಗಳ ತುದಿಗಳನ್ನು ಹೊತ್ತ ಉಕ್ಕಿನ ದಿಮ್ಮಿಗಳು ನಜ್ಜುಗುಜ್ಜಾಗತೊಡಗಿದ್ದವು. ಅವುಗಳೊಳಗೆ ಕಾಂಕ್ರೀಟು ತುಂಬಿ ಬಲಪಡಿಸುವ ಪ್ರಯತ್ನ ನಡೆಯಿತು. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಎಲ್ಲವೂ ಒಮ್ಮೆಗೇ ಒಳಕ್ಕೆ ಕುಸಿಯಿತು. ಪಕ್ಕದ ಹೆದ್ದಾರಿಯ ನೂರು ಮೀಟರಿನಷ್ಟು ಭಾಗವೂ ಅದರ ಜೊತೆಗೇ ಹೋಯಿತು. ನಾಲ್ವರು ಸತ್ತರು. ಅವರಲ್ಲೊಬ್ಬನು ತನ್ನ ಕೈಕೆಳಗಿನವರನ್ನು ಮೊದಲು ಮೇಲಕ್ಕೆ ಕಳಿಸಿದ ಮೇಸ್ತ್ರಿ. ಅವನ ದೇಹ ಇಂದಿಗೂ ಸಿಕ್ಕಿಲ್ಲ.

ಸಿಂಗಪುರದ ಸರಕಾರ ನೇಮಿಸಿದ ವಿಚಾರಣಾ ಸಮಿತಿ ತಿಂಗಳುಗಟ್ಟಲೆ ಬಹಿರಂಗವಾಗಿ ಸಾಕ್ಷ್ಯ ಕೇಳಿ, 2005ರ ಮೇ ತಿಂಗಳಲ್ಲಿ ತನ್ನ ವರದಿಯನ್ನು ಲೋಕದ ಮುಂದಿಟ್ಟಿತು. ನಮ್ಮಲ್ಲಿ ಅಪಘಾತವಾದರೆ ಪರಿಹಾರದ ಮೊತ್ತ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ. ವಿಚಾರಣೆಯ ವರದಿ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಅದಿರಲಿ. ಸಮಿತಿ ಕಂಡ ಮುಖ್ಯ ದೋಷಗಳು ಎರಡು. ಮೆತ್ತನೆಯ ಜೇಡಿಯ ಬಲವನ್ನು ಗಣಕದಲ್ಲಿ ಲೆಕ್ಕ ಹಾಕುವಾಗ ಹೊಂದದ ಕ್ರಮವನ್ನು ಅನುಸರಿಸಿದ್ದರಿಂದ, ಗೋಡೆಯ ಮೇಲೆ ಬೀಳುವ ಒತ್ತಡದ ಪರಿಣಾಮ ನಿಜಕ್ಕಿಂತ ಬಹಳ ಕಡಿಮೆ ಎಂದು ತೋರಿತ್ತು. ಅಡ್ಡತೊಲೆ ಮತ್ತು ದಿಮ್ಮಿ ಕೂಡುವ ಸಂದಿನ ಲೆಕ್ಕವೂ ತಪ್ಪಾಗಿ, ಆ ಸಂದು ಬೇಕಾದುದರ ಅರ್ಧದಷ್ಟೇ ಬಲವುಳ್ಳದ್ದಾಗಿತ್ತು. ಈ ಎರಡು ತಪ್ಪುಗಳೂ ಒಂದೇ ಹೊಂಡದಲ್ಲಿ ಕೂಡಿಕೊಂಡವು. ಬೇರೆ ಬೇರೆ ಸಾಲುಗಳಲ್ಲಿ ಬರೆದು ಬೇರೆ ಬೇರೆ ಅಂಕ ಕೊಟ್ಟಿದ್ದರೆ ಎರಡೂ ಹಳದಿ ಬಣ್ಣದಲ್ಲೇ ಉಳಿಯುತ್ತಿದ್ದವೇನೊ!

ಸಂದಿನ ಕಥೆ ಇನ್ನೊಂದು ಕಾರಣಕ್ಕಾಗಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಕುಸಿತಕ್ಕೆ ಕೆಲವು ವಾರಗಳ ಮೊದಲೇ ಅದೇ ಕಾಮಗಾರಿಯ ಬೇರೆಡೆ ಇಂಥ ಸಂದುಗಳಲ್ಲಿ ಉಕ್ಕಿನ ಹಲಗೆಗಳು ಡೊಂಕಾಗಿದ್ದವು. ಅದನ್ನು ಸರಿಪಡಿಸಲೆಂದು ಹಲಗೆಗಳ ಬದಲು ತೋಡಿನಾಕಾರದ ಉಕ್ಕಿನ ತುಂಡುಗಳನ್ನು ಕೂರಿಸಿದರು. ಮೇಲುನೋಟಕ್ಕೆ ಇದು ಹೆಚ್ಚು ಗಟ್ಟಿ. ಆದರೆ ಮಿತಿ ಮೀರಿದಾಗ ನಿಧಾನವಾಗಿ ಬಾಗಿ ಭಾರವನ್ನು ತಡೆದು ನಿಲ್ಲುವ ಗುಣ ಅದಕ್ಕಿರಲಿಲ್ಲ, ಒಮ್ಮೆಗೇ ಸೋತುಬಿಡುವಂಥದು. ಹಿಂದಿನ ಗಣಿಗಳಲ್ಲಿ ಕೆಲಸ ಮಾಡಿದವರು ಮರದ ಊರುಗೋಲನ್ನು ನೆಚ್ಚಿಕೊಂಡಿದ್ದುದು ಅದು ಮುರಿಯುವ ಮುಂಚೆ ಕಿರುಗುಟ್ಟುತ್ತದೆಂಬ ಕಾರಣಕ್ಕೆ. ಆ ಕಿರುಗುಟ್ಟುವಿಕೆಯೇ ಅವರಿಗೆ ಓಡಲು ಸಿಕ್ಕ ಸಮಯ. ಒಂದು ಎಚ್ಚರಿಕೆಗೆ ಉತ್ತರವಾಗಿ ಮಾಡಿದ ರಿಪೇರಿಯೇ ಮುಂದಿನ ಎಚ್ಚರಿಕೆಯ ಅವಧಿಯನ್ನು ಕಿರಿದುಗೊಳಿಸಿತೆಂಬುದನ್ನು ಯಾವ ಗುಣಾಕಾರ ತೋರಿಸೀತು?

ಇನ್ನು ಗೆರೆಯ ಮಾತು. ಗೋಡೆಯ ಬಾಗನ್ನು ಅಳೆಯಲು ಇನ್‌ಕ್ಲಿನೋಮೀಟರ್ ಎಂಬ ಉಪಕರಣವಿರುತ್ತದೆ. ಇಷ್ಟು ಬಾಗಿದರೆ ಎಚ್ಚರ, ಇಷ್ಟು ಬಾಗಿದರೆ ಕೆಲಸ ಬಂದ್ ಎಂದು ಮೊದಲೇ ಗೆರೆಗಳನ್ನು ಎಳೆದಿಟ್ಟಿರುತ್ತಾರೆ. ನಿಕಲ್ ಹೈವೇಯಲ್ಲಿ ಅಳತೆ ಗೆರೆಯನ್ನು ದಾಟಿತು. ದಾಟಿದಾಗ ಹೊಸ ಲೆಕ್ಕ ಮಾಡಿದರು. ಕಂಡ ಬಾಗಿಗೆ ಹೊಂದುವಂತೆ ಮಣ್ಣಿನ ಗುಣಗಳನ್ನು ತಿದ್ದಿ, ಗೆರೆಯನ್ನು ಮೇಲಕ್ಕೇರಿಸಿದರು. ಅಳತೆ ಆ ಗೆರೆಯನ್ನೂ ದಾಟಿತು. ಗೆರೆ ಮತ್ತೊಮ್ಮೆ ಮೇಲೇರಿತು. ಕುಸಿಯುವ ಹೊತ್ತಿಗೆ ಗೋಡೆಯೊಂದು 400 ಮಿಲಿಮೀಟರಿಗೂ ಹೆಚ್ಚು, ಎಂದರೆ ಒಂದು ಮೊಳದ ಹತ್ತಿರ, ಒಳಕ್ಕೆ ಬಂದಿತ್ತು. ಈ ಅಂಕಿಯನ್ನು ಯಾರೂ ಬಚ್ಚಿಟ್ಟಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಳತೆ ಸರಿಯಾಗಿತ್ತು, ಬರೆದಿಟ್ಟಿದ್ದರು, ಓದಿದ್ದರು. ಮಗುವಿನ ಜ್ವರ ನೂರಾಮೂರಕ್ಕೇರಿದಾಗ ನೂರಾನಾಲ್ಕರವರೆಗೆ ಚಿಂತೆಯಿಲ್ಲವೆಂದು ಥರ್ಮಾಮೀಟರಿನ ಮೇಲೆ ಹೊಸದಾಗಿ ಗೀಚಿದಂತೆ ಇದು.

ಇಲ್ಲಿ ಅನುಭವಿ ಇಂಜಿನಿಯರೊಬ್ಬರು ನನ್ನನ್ನು ತಡೆದು ಕೇಳಬಹುದು: 'ಸ್ವಾಮಿ, ನೆಲದ ಒಳಗೇನಿದೆಯೆಂದು ಮೊದಲೇ ಪೂರ್ತಿ ತಿಳಿದವರಾರು? ಗೆರೆಯೂ ಒಂದು ಊಹೆಯೇ. ಕಂಡುದನ್ನು ನೋಡಿ ಊಹೆಯನ್ನು ತಿದ್ದಿಕೊಳ್ಳುವುದೇ ನಮ್ಮ ಶಾಸ್ತ್ರ.' ಮಾತು ನಿಜ. ಟೆರ್ಜಾಗಿ ಮಹಾಶಯರು ಹಾಕಿಕೊಟ್ಟ ಹಾದಿಯದು. ಅವರ ಸಹೋದ್ಯೋಗಿಯಾಗಿದ್ದ ರಾಲ್ಫ್ ಪೆಕ್ 1969ರಲ್ಲಿ ತಮ್ಮ ರ‍್ಯಾಂಕಿನ್ ಉಪನ್ಯಾಸದಲ್ಲಿ ಇದನ್ನು ವೀಕ್ಷಣಾ ವಿಧಾನವೆಂದು ಶಾಸ್ತ್ರೀಯವಾಗಿ ವಿವರಿಸಿದರು. ಆದರೆ ಪೆಕ್ ಹಾಕಿದ ಷರತ್ತುಗಳನ್ನೂ ಜೊತೆಗೇ ಓದಬೇಕು. ಎಣಿಸಬಹುದಾದ ಪ್ರತಿಯೊಂದು ಕೆಟ್ಟ ಪರಿಣಾಮಕ್ಕೂ ಏನು ಮಾಡಬೇಕೆಂಬುದು ಕೆಲಸ ಶುರುವಾಗುವ ಮುನ್ನವೇ ಸಿದ್ಧವಾಗಿರಬೇಕು. ಕಟ್ಟುತ್ತಿರುವಾಗ ವಿನ್ಯಾಸವನ್ನು ಬದಲಿಸಲು ಬಾರದ ಕಡೆ ಈ ವಿಧಾನವನ್ನು ಬಳಸಲೇಕೂಡದು. ಅಳತೆ ಮೀರಿದಾಗ ವಿನ್ಯಾಸ ಬದಲಾಗಬೇಕೆಂದು ಪೆಕ್ ಹೇಳಿದರು. ಅಳತೆಯ ಗೆರೆ ಮಾತ್ರ ಬದಲಾಗಿ ಅಗೆತ ಹಾಗೆಯೇ ಮುಂದುವರಿಯುವುದಕ್ಕೆ ಅವರ ಹೆಸರನ್ನು ಎಳೆದುತರುವುದು ಆ ಹಿರಿಯರಿಗೆ ಮಾಡುವ ಅಪಚಾರ.

ಗೆರೆಯನ್ನು ಸರಿಸುವುದೇ ಎಚ್ಚರಿಕೆಯನ್ನು ಕೊಲ್ಲುವ ಏಕೈಕ ಉಪಾಯವೂ ಅಲ್ಲ. ಚೀನದ ಹಾಂಗ್‌ಚೌ ನಗರದಲ್ಲಿ 2008ರ ನವೆಂಬರ್ 15ರಂದು ಹೊಸ ಮೆಟ್ರೋ ನಿಲ್ದಾಣವೊಂದರ ಹೊಂಡ ಕುಸಿದು 21 ಜನ ಮಡಿದರು. ಮಿತಿಗಿಂತ ಆಳಕ್ಕೆ ಅಗೆದು, ಆನಿಕೆಗಳನ್ನು ತಡಮಾಡಿ ಕೊಟ್ಟಿದ್ದುದು ತನಿಖೆಯಲ್ಲಿ ಹೊರಬಿತ್ತು. ಜೊತೆಗೆ ಇನ್ನೊಂದು ಸಂಗತಿ: ಪಕ್ಕದ ರಸ್ತೆ 300 ಮಿಲಿಮೀಟರಿಗೂ ಹೆಚ್ಚು ಕುಳಿತಿದ್ದ ದಾಖಲೆ ಅಳತೆಗಾರರ ಗಣಕದಲ್ಲಿತ್ತು, ಸಲ್ಲಿಸಿದ ವರದಿಯಲ್ಲಿ ಇರಲಿಲ್ಲ. ಗಣಕದಿಂದಲೂ ಅದನ್ನು ಅಳಿಸಿದ್ದರು. ತನಿಖೆಯವರು ಮರಳಿ ಹೊರತೆಗೆದರು. ಸಿಂಗಪುರದಲ್ಲಿ ಅಂಕಿಯನ್ನು ಒಪ್ಪಿ ಗೆರೆಯನ್ನು ಸರಿಸಿದರು. ಇಲ್ಲಿ ಗೆರೆಯನ್ನು ಹಾಗೆಯೇ ಬಿಟ್ಟು ಅಂಕಿಯನ್ನು ಮರೆಮಾಡಿದರು.

ಜರ್ಮನಿಯ ಕಲೋನ್ ನಗರದ ಸಂಗತಿ ನಮ್ಮಂಥ ಓದುಗರಿಗೆ ಬೇರೆ ಬಗೆಯಿಂದ ನೋವು ತರುವಂಥದು. 2009ರ ಮಾರ್ಚ್ 3ರಂದು ಅಲ್ಲಿನ ನೆಲದಡಿಯ ರೈಲುಮಾರ್ಗಕ್ಕಾಗಿ ತೋಡಿದ ಆಳವಾದ ಹೊಂಡಕ್ಕೆ ನೀರೂ ಮರಳೂ ನುಗ್ಗಿ, ಪಕ್ಕದಲ್ಲಿದ್ದ ನಗರದ ಐತಿಹಾಸಿಕ ಪತ್ರಾಗಾರ ನಿಂತ ನಿಲುವಿನಲ್ಲೇ ಕುಸಿಯಿತು. ಸಾವಿರ ವರ್ಷಗಳ ಕಾಗದಪತ್ರಗಳಲ್ಲಿ ಬಹುಭಾಗ ಅವಶೇಷಗಳಡಿ ಹೂತುಹೋಯಿತು. ನೆರೆಮನೆಯ ಇಬ್ಬರು ತರುಣರು ಸತ್ತರು. ಪತ್ರಾಗಾರದ ಒಳಗಿದ್ದವರು ಬದುಕಿದ್ದು ಹೊಂಡದ ಕೆಲಸಗಾರರು ಓಡಿಬಂದು ಕೂಗಿದ್ದರಿಂದ. ವರ್ಷಗಳ ಶೋಧದ ನಂತರ ನ್ಯಾಯಾಲಯ ಕಂಡ ಕಾರಣ ಇಷ್ಟೆ: ಡಯಾಫ್ರಮ್ ಗೋಡೆಗಾಗಿ ಕಂದಕ ತೋಡುವಾಗ ಅಡ್ಡ ಬಂದ ಕಲ್ಲೊಂದನ್ನು ತೆಗೆಯದೆ ಬಿಟ್ಟಿದ್ದರಿಂದ ಗೋಡೆಯಲ್ಲೊಂದು ಕಿಂಡಿ ಉಳಿದಿತ್ತು. ಕಲ್ಲು ಸಿಕ್ಕಿದ್ದು ಕೆಲಸಗಾರರಿಗೆ ಗೊತ್ತಾಗಿರಲೇಬೇಕಲ್ಲವೆ? ಆ ಸುದ್ದಿ ಹೊಂಡದ ಬಾಯಿಗಿಂತ ಮೇಲಕ್ಕೆ ಏರಲಿಲ್ಲ. ಅನುಮತಿಗಿಂತ ಹೆಚ್ಚು ಕೊಳವೆಬಾವಿಗಳಿಂದ ನೀರೆತ್ತಿದ್ದ ಸಂಗತಿಯೂ ಅನಂತರವೇ ಬಯಲಾಯಿತು.

ಇಂಗ್ಲೆಂಡಿನಲ್ಲಿ 1994ರ ಅಕ್ಟೋಬರಿನಲ್ಲಿ ಹೀತ್ರೋ ವಿಮಾನ ನಿಲ್ದಾಣದಡಿಯ ಸುರಂಗಗಳು ಕುಸಿದಾಗ, ದೈವವಶಾತ್ ಒಂದು ಜೀವವೂ ಹೋಗಲಿಲ್ಲ. ಅಂಥ ನಷ್ಟಗಳನ್ನು ಮೇಲಿಂದ ಮೇಲೆ ತೆತ್ತು ಬೇಸತ್ತ ವಿಮಾ ಕಂಪನಿಗಳೇ ಮುಂದೆ ಬಂದು, 2003ರಲ್ಲಿ ಅಲ್ಲಿನ ಸುರಂಗ ತಜ್ಞರ ಸಂಘದೊಡನೆ ಕೂಡಿ, ಅಪಾಯ ನಿರ್ವಹಣೆಗೆ ಒಂದು ಸಂಹಿತೆಯನ್ನು ರಚಿಸಿದವು. ದುಡ್ಡು ತೆರುವವನಿಗೆ ಕಣ್ಣು ಬೇಗ ತೆರೆಯುತ್ತದೆ. ಮನೆ ಬಿರುಕು ಬಿಟ್ಟವನೂ, ಹೊಂಡದಲ್ಲಿ ಇಳಿದು ದುಡಿಯುವವನೂ ಆ ಸಂಹಿತೆಯ ಮೇಜಿನ ಸುತ್ತ ಕೂತಿರಲಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ನಮ್ಮ ದೇಶದ ಸಂಗತಿಗೆ ಬರೋಣ. ಕಲ್ಕತ್ತೆಯ ಬೌಬಜಾರಿನಲ್ಲಿ 2019ರ ಆಗಸ್ಟ್ 31ರಂದು ಸುರಂಗ ಕೊರೆಯುವ ಯಂತ್ರಕ್ಕೆ ನೀರಿನ ಪದರ ತಾಗಿತು. ಇಕ್ಕಟ್ಟಾದ ಓಣಿಗಳ ಹಳೆಯ ಮನೆಗಳು ಬಿರಿದವು, ಕೆಲವು ಉರುಳಿದವು, ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. 2022ರಲ್ಲಿ ಅದೇ ಠಾವಿನಲ್ಲಿ ಮತ್ತೆ ನೀರು ನುಗ್ಗಿ, ಮತ್ತೆ ಬಿರುಕು, ಮತ್ತೆ ವಲಸೆ. 2025ರ ಆಗಸ್ಟಿನಲ್ಲಿ ಆ ಹಾದಿಯಲ್ಲಿ ರೈಲು ಓಡಿತು. ರೈಲಿನಲ್ಲಿ ಕೂತವನಿಗೆ ಕಿಟಕಿಯಾಚೆ ಕತ್ತಲೆ. ತಲೆಯ ಮೇಲಿನ ಓಣಿ ಕಾಣುವುದಿಲ್ಲ.

ಬೆಂಗಳೂರಿನ ನೆಲ ಸಿಂಗಪುರದ ಜೇಡಿಯಲ್ಲ. ಮೇಲೆ ಕೆಮ್ಮಣ್ಣು, ಅದರೊಳಗೆ ಅಲ್ಲಲ್ಲಿ ಅಡಗಿದ ಗುಂಡುಕಲ್ಲು, ಕೆಳಗೆ ಗಟ್ಟಿಯಾದ ಗ್ನೈಸ್ ಬಂಡೆ. ಅರ್ಧ ಬಂಡೆ, ಅರ್ಧ ಮಣ್ಣು ಒಟ್ಟಿಗೆ ಎದುರಾದರೆ ಯಂತ್ರವೂ ತತ್ತರಿಸುತ್ತದೆ. ಮೊದಲ ಹಂತದ ಕೆಲಸದಲ್ಲಿ 'ಗೋದಾವರಿ' ಎಂಬ ಯಂತ್ರ ತಿಂಗಳುಗಟ್ಟಲೆ ನಿಂತುಹೋದುದನ್ನು ಊರು ಕಂಡಿದೆ. ಬಂಡೆಯಿದೆಯಲ್ಲ, ನಮಗೇನು ಭಯವೆಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಈ ಊರು ಕೆರೆಗಳನ್ನು ತುಂಬಿ, ಬಾವಿಗಳನ್ನು ಮುಚ್ಚಿ ಬೆಳೆದ ಊರು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತದ್ದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಯಾರ ಹಿತ್ತಲಿನ ಬಾವಿ ಎಲ್ಲಿ ಮುಚ್ಚಿತೆಂಬುದು ಭೂಪಟದಲ್ಲಿಲ್ಲ. ಅದನ್ನು ಬಲ್ಲ ಅಜ್ಜಿಯರನ್ನು ಕೇಳುವ ಪದ್ಧತಿ ಯಾವ ಅಪಾಯದ ಪಟ್ಟಿಯಲ್ಲೂ ನನಗೆ ಕಂಡಿಲ್ಲ. 2023ರ ಜನವರಿ 12ರಂದು ಬ್ರಿಗೇಡ್ ರಸ್ತೆಯ ಬಳಿ, ಮೆಟ್ರೋ ಸುರಂಗದ ಹಾದಿಯ ಮೇಲೆ, ನಡುರಸ್ತೆಯಲ್ಲಿ ಗುಂಡಿ ಬಿದ್ದು ದ್ವಿಚಕ್ರ ಸವಾರರೊಬ್ಬರು ಗಾಯಗೊಂಡರು. ಅದಕ್ಕೆ ಎರಡೇ ದಿನ ಮುಂಚೆ ನಾಗವಾರದ ಕಡೆ ಮೇಲುಮಾರ್ಗದ ಕಂಬಕ್ಕೆ ನಿಲ್ಲಿಸಿದ್ದ ಕಬ್ಬಿಣದ ಪಂಜರ ಉರುಳಿ ತಾಯಿಯೂ ಎಳೆಯ ಮಗುವೂ ಪ್ರಾಣ ಬಿಟ್ಟಿದ್ದರು. ಎಲ್ಲರ ಕಣ್ಣೆದುರಿಗೆ ನಿಂತ ಪಂಜರದ ಗತಿಯೇ ಹೀಗಾದರೆ, ಕಾಣದ ಹೊಂಡದ ವಿಷಯದಲ್ಲಿ ಇನ್ನೆಷ್ಟು ಜಾಗರೂಕರಾಗಿರಬೇಕು! ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಒಂದೇ ಮಾರ್ಗದಲ್ಲಿ ನೆಲದಡಿಯ ನಿಲ್ದಾಣಗಳು 12. ಮುಂದಿನ ಹಂತಗಳ ಮಾತು ಬೇರೆ.

ಆದುದರಿಂದ ಇನ್ನು ಮುಂದೆ ಅಗೆಯುವ ನಿಲ್ದಾಣಗಳ ವಿಷಯದಲ್ಲಿ ನಾಗರಿಕರು ಕೇಳಬೇಕಾದುದು ಹೆಚ್ಚೇನೂ ಇಲ್ಲ. ಎಚ್ಚರಿಕೆಯ ಗೆರೆಯನ್ನು ಗುತ್ತಿಗೆದಾರನ ಸಂಬಳ ತಿನ್ನದ ತಜ್ಞರು ಎಳೆಯಲಿ; ಅದನ್ನು ಸರಿಸಬೇಕಾದರೆ ಅವರೇ ಕಾರಣ ಬರೆದು ಸಹಿ ಹಾಕಿ ಸರಿಸಲಿ, ಅಲ್ಲಿಯವರೆಗೆ ಅಗೆತ ನಿಂತಿರಲಿ. ಸಿಂಗಪುರ ಪಾಠ ಕಲಿತ ಮೇಲೆ ಸ್ವತಂತ್ರ ಪರಿಶೀಲನೆಯನ್ನು ಬಿಗಿಗೊಳಿಸಿತು. ಒಂದು ಅಡ್ಡತೊಲೆ ಸೋತರೂ ಉಳಿದವು ಭಾರ ಹೊರುವಂತೆ ವಿನ್ಯಾಸವಿರಬೇಕೆಂಬ ನಿಯಮವನ್ನೂ ತಂದಿತು. ಅದನ್ನು ನಾವು ಎರವಲು ಪಡೆಯಲು ನಾಚಬೇಕಾಗಿಲ್ಲ. ಬೇಲಿಯ ಹೊರಗೆ ಹಲಗೆಯೊಂದನ್ನು ನೇತುಹಾಕಿ, ಇಂದು ಗೋಡೆ ಎಷ್ಟು ಬಾಗಿದೆ, ರಸ್ತೆ ಎಷ್ಟು ಇಳಿದಿದೆ, ಗೆರೆ ಎಲ್ಲಿದೆ ಎಂದು ಕನ್ನಡದಲ್ಲಿ ಬರೆಯಲಿ. ಜನ ಗಾಬರಿಯಾಗುತ್ತಾರೆಂಬ ಆಕ್ಷೇಪ ಬಂದೇ ಬರುತ್ತದೆ. ಅಣೆಕಟ್ಟಿನ ನೀರಿನ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ಓದುವ ಮಂಡ್ಯದ ರೈತ ಗಾಬರಿಯಾಗಿ ಊರು ಬಿಟ್ಟಿದ್ದನ್ನು ಯಾರೂ ಕೇಳಿಲ್ಲ.

ಕೊನೆಯದು, ನಿಲ್ಲಿಸುವ ಅಧಿಕಾರ. ಅದು ಹೊಂಡದ ಬಾಯಲ್ಲಿ ಆ ಹೊತ್ತಿಗೆ ಯಾರಿದ್ದಾರೋ ಅವರ ಕೈಯಲ್ಲಿರಬೇಕು. ರಾತ್ರಿ ಪಾಳಿಯ ಮೇಸ್ತ್ರಿಗೆ ಸದ್ದು ಕೇಳಿಸಿದರೆ, ಸಾಹೇಬರಿಗೆ ಟೆಲಿಫೋನು ಮಾಡಿ ಅಪ್ಪಣೆ ಕೇಳದೆ ಜನರನ್ನು ಮೇಲಕ್ಕೆ ಕರೆಯುವ ಹಕ್ಕು ಅವನಿಗಿರಬೇಕು. ಬೆಳಗಾದ ಮೇಲೆ ಏನೂ ಆಗಿಲ್ಲವೆಂದು ತಿಳಿದರೂ ಅವನ ಕೂಲಿಯನ್ನು ಯಾರೂ ಕಡಿಯಬಾರದು. ಇದು ಬರಿಯ ಸದಿಚ್ಛೆಯಿಂದ ಆಗುವ ಕೆಲಸವಲ್ಲ. ನಿಂತ ದಿನದ ಕೂಲಿ, ನಿಂತ ಯಂತ್ರದ ಬಾಡಿಗೆ, ತಡವಾದ ದಿನಕ್ಕೆ ದಂಡದ ಮಾಫಿ, ಇವುಗಳಿಗೆ ಗುತ್ತಿಗೆಯ ಕರಾರಿನಲ್ಲೇ ಒಂದು ಬಾಬ್ತು ತೆಗೆದಿಡಬೇಕು. ಮಳೆ ಬಂದು ಕೆಲಸ ನಿಂತ ದಿನಗಳನ್ನು ಲೆಕ್ಕಕ್ಕೆ ಹಿಡಿಯುವ ಗುಮಾಸ್ತರು, ಸದ್ದು ಕೇಳಿ ಕೆಲಸ ನಿಂತ ದಿನಗಳಿಗೂ ಅದೇ ಪುಸ್ತಕದಲ್ಲಿ ಒಂದು ಕಾಲಂ ಎಳೆದುಕೊಳ್ಳಬಹುದು.